ವಿಷದಕ್ಕನ ಹೇಸಿಗೆ

ಎದುರಿಗೆ ಮೇಡಂ, ಬೆನ್ನ ಹಿಂದೆ ವಿಷದಕ್ಕ. ಪ್ರಯೋಗಾಲಯದಲ್ಲಿ ಅವಳನ್ನು ಕರೆಯುತ್ತಿದ್ದದ್ದೇ ಹಾಗೆ. ಅದು ಅವಳಿಗೆ ಗೊತ್ತಿತ್ತು, ಬೇಸರವಿರಲಿಲ್ಲ. ಅನುಮಾನಕ್ಕೆ ಎಡೆಮಾಡಿ ಸತ್ತವರ ಜಠರ, ಕರುಳು, ಪಿತ್ತಜನಕಾಂಗದ ತುಂಡುಗಳು ಪೊಲೀಸರ ಅರಗಿನ ಮೊಹರು ಹೊತ್ತು, ಅಗಲ ಬಾಯಿಯ ಜಾಡಿಗಳಲ್ಲಿ ಉಪ್ಪುನೀರಿನೊಳಗೆ ಮುಳುಗಿ ಅವಳ ಮೇಜಿಗೆ ಬರುತ್ತಿದ್ದವು. ಒಳಗೆ ವಿಷವಿದೆಯೇ, ಇದ್ದರೆ ಯಾವುದು, ಕೊಲ್ಲುವಷ್ಟಿದೆಯೇ ಎಂದು ಹೇಳುವುದು ಅವಳ ಕೆಲಸ. ಸತ್ತವರ ಮುಖವನ್ನು ಅವಳು ನೋಡಿದವಳೇ ಅಲ್ಲ. ಕೊನೆಯ ಊಟದಲ್ಲಿ ಏನು ತಿಂದಿದ್ದರು ಎಂಬುದು ಮಾತ್ರ ಗೊತ್ತಾಗುತ್ತಿತ್ತು.

ಹೇಸಿಗೆ ಅವಳಿಗೆ ಚಿಕ್ಕಂದಿನಿಂದಲೂ ಜಾಸ್ತಿ. ಹಾಲಿನ ಕೆನೆ ತುಟಿಗೆ ತಾಗಿದರೆ ಸಾಕು, ಎದ್ದು ಓಡಿ ಬಾಯಿ ಮುಕ್ಕಳಿಸುತ್ತಿದ್ದಳು. ಬಸ್ಸಿನಲ್ಲಿ ಪಕ್ಕದವರು ಕೆಮ್ಮಿದರೆ ತನ್ನ ನಿಲ್ದಾಣ ಬರುವ ಮೊದಲೇ ಇಳಿದು ನಡೆದುಬಿಡುತ್ತಿದ್ದಳು. ಅಂಥವಳು ವಿಷಶಾಸ್ತ್ರ ಓದಲು ಹೋದದ್ದರ ಹಿಂದೆ ದೊಡ್ಡ ಕಾರಣವೇನೂ ಇರಲಿಲ್ಲ. ಡಾಕ್ಟರಾಗುವಷ್ಟು ಅಂಕ ಬರಲಿಲ್ಲ, ರಸಾಯನಶಾಸ್ತ್ರ ತಲೆಗೆ ಹತ್ತುತ್ತಿತ್ತು, ಆ ತರಗತಿಯಲ್ಲಿ ಜಾಗ ಖಾಲಿಯಿತ್ತು. ಓದತೊಡಗಿದ ಮೇಲೆ ನಿಜವಾಗಿ ಹಿಡಿಸಿತು. ಒಂದು ವಸ್ತು ಬಾಯಿಯಿಂದಲೋ ಚರ್ಮದಿಂದಲೋ ಮೈಯೊಳಗೆ ಹೊಕ್ಕು, ರಕ್ತದಲ್ಲಿ ತೇಲಿ, ಪಿತ್ತಜನಕಾಂಗದ ಕೈಗೆ ಸಿಕ್ಕಿ ಇನ್ನೊಂದು ವಸ್ತುವಾಗುತ್ತದೆ. ಕೆಲವೊಮ್ಮೆ ಆ ಇನ್ನೊಂದೇ ಮೊದಲಿನದಕ್ಕಿಂತ ಕೆಟ್ಟದ್ದು. ಇದನ್ನೆಲ್ಲ ಅವಳು ಪತ್ತೇದಾರಿ ಕಾದಂಬರಿ ಓದಿದಂತೆ ಓದುತ್ತಿದ್ದಳು. ಕಾಗದದ ಮೇಲೆ ವಿಷಕ್ಕೆ ವಾಸನೆಯಿರಲಿಲ್ಲ.

ವಾಸನೆ ಬಂದದ್ದು ಎರಡನೆಯ ವರ್ಷ. ಮೇಷ್ಟರು ಮೊದಲ ಜಾಡಿಯ ಮುಚ್ಚಳ ತಿರುಗಿಸಿದಾಗ ಒಳಗಿಂದ ಬುಸ್ಸೆಂದು ಗಾಳಿ ಹೊರಟಿತು. ಉಪ್ಪು ಸಾಲದೆ ಒಳಗಿನದೆಲ್ಲ ಕೊಳೆತಿತ್ತು. ಮುಂದಿನ ಸಾಲು ಖಾಲಿಯಾಯಿತು. ಅವಳೂ ಓಡಿಹೋಗಿ ತೊಟ್ಟಿಗೆ ಬಗ್ಗಿ, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿ, ಮುಖ ತೊಳೆದು ವಾಪಸು ಬಂದಳು.

"ಅಭ್ಯಾಸ ಆಗುತ್ತಮ್ಮ," ಎಂದರು ಮೇಷ್ಟರು.

ಆಗಲಿಲ್ಲ. ಕೆಲಸಕ್ಕೆ ಸೇರಿದಳು, ಬಡ್ತಿ ಸಿಕ್ಕಿತು, ಕೋರ್ಟಿನ ಕಟಕಟೆ ಹತ್ತಿ ಸಾಕ್ಷಿ ಹೇಳುವಾಗ ವಕೀಲರು ಅವಳ ಮಾತಿಗೆ ಹೆದರುವಂತಾಯಿತು. ಆದರೂ ಪ್ರತಿ ಬೆಳಿಗ್ಗೆ ಮೊದಲ ಜಾಡಿ ತೆರೆದಾಗ ಅವಳ ಹೊಟ್ಟೆ ತೊಳಸುತ್ತಿತ್ತು. ಕತ್ತರಿಯಲ್ಲಿ ಕರುಳನ್ನು ಸಣ್ಣಗೆ ಕೊಚ್ಚುವಾಗ, ಅರೆದು ದ್ರಾವಕ ಸುರಿದು ಕುಲುಕುವಾಗ, ಮೇಲೆ ತೇಲುವ ಹಳದಿ ಜಿಡ್ಡನ್ನು ಬಸಿಯುವಾಗ ಅವಳು ಬಾಯಿಯಿಂದ ಉಸಿರಾಡುತ್ತಿದ್ದಳು. ಸಹೋದ್ಯೋಗಿಗಳು ಅದೇ ಕೋಣೆಯ ಮೂಲೆಯಲ್ಲಿ ಕೂತು ಬ್ರೆಡ್ಡು ತಿನ್ನುತ್ತಿದ್ದರು. ಅವಳಿಗೆ ಜಾಡಿಗಿಂತ ಆ ಬ್ರೆಡ್ಡನ್ನು ನೋಡಿದರೆ ವಾಕರಿಕೆ ಹೆಚ್ಚು.

ಸಂಜೆ ಮನೆಗೆ ಬಂದರೆ ಮೊದಲು ಸ್ನಾನ, ಆಮೇಲೆ ಮಾತು. ಗಂಡನದು ಕನ್ನಡಕದ ಅಂಗಡಿ. ಅವನ ಮೂಗು ಹುಟ್ಟಿನಿಂದಲೇ ಮಂದ. "ನನ್ನ ಕಣ್ಣು ಚುರುಕು, ಮೂಗು ಸತ್ತಿದೆ. ಅದಕ್ಕೇ ನಮ್ಮ ಸಂಸಾರ ನಡೀತಿರೋದು," ಎಂದು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದ.

ಅವಳ ಹತ್ತಿರದವರೆಂದರೆ ಗಂಡನನ್ನು ಬಿಟ್ಟರೆ ಚಿಕ್ಕಮ್ಮ, ಅಮ್ಮನ ತಂಗಿ. ಚಿಕ್ಕಮ್ಮ ಸಿನಿಮಾ ಟಾಕೀಸಿನಲ್ಲಿ ಟಿಕೆಟ್ ಹರಿಯುತ್ತಿದ್ದವರು. ಕಂಬಿಯ ಕಿಂಡಿಯಾಚೆ ಗಂಡಸರು ಒಬ್ಬರ ಮೇಲೊಬ್ಬರು ಬಿದ್ದು ಕೈ ತೂರಿಸುವಾಗ, ಆ ಕೈಗಳಿಗೆ ಸ್ಕೇಲಿನಿಂದ ಪಟ್ಟೆಂದು ಹೊಡೆದು, "ಸಾಲಲ್ಲಿ ಬಾರೋ, ಸಿನಿಮಾ ಎಲ್ಲೂ ಓಡ್ಹೋಗಲ್ಲ," ಎಂದು ಗದರುವ ಗಂಟಲು ಅವರದು. ಅಮ್ಮ ಕೆಲಸಕ್ಕೆ ಹೋಗುತ್ತಿದ್ದುದರಿಂದ ಶಾಲೆ ಬಿಟ್ಟ ಮೇಲೆ ಅವಳು ಆ ಟಿಕೆಟ್ ಕೋಣೆಯಲ್ಲೇ ಬೆಳೆದಳು. ಚಿಕ್ಕಮ್ಮನ ಬಾಯಿ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಬೈಗುಳ, ನಗು, ಪಕ್ಕದ ಮನೆಯವರ ಸುದ್ದಿ, ಮತ್ತೆ ಬೈಗುಳ. ಪುಟ್ಟ ಹುಡುಗಿ ಕೆನೆ ಕಂಡು ಮುಖ ಸಿಂಡರಿಸಿದರೆ, "ಕೊಡಿಲ್ಲಿ, ನಾನ್ ನುಂಗ್ತೀನಿ. ನಿಂಗೆ ಹುಟ್ಟುವಾಗ್ಲೇ ನಾಲಿಗೆ ಉಲ್ಟಾ ಇಟ್ಟಿದಾರೆ," ಎನ್ನುತ್ತಿದ್ದರು.

ವಯಸ್ಸಾದ ಮೇಲೆ ಚಿಕ್ಕಮ್ಮನಿಗೆ ಮರೆವು ಶುರುವಾಯಿತು. ಒಲೆ ಹಚ್ಚಿ ಪಾತ್ರೆ ಇಡುವುದನ್ನು ಮರೆತರು. ಬಟ್ಟೆ ಅಂಗಡಿಗೆ ಹೋಗಿ, ಇದು ನನ್ನ ಮನೆ, ನೀವೆಲ್ಲ ಯಾರು ಎಂದು ಜಗಳ ತೆಗೆದರು. ಹೊತ್ತಲ್ಲದ ಹೊತ್ತಿನಲ್ಲಿ ಎದ್ದು ಕೂಗಾಡತೊಡಗಿದರು. ಅವರ ಮಗ, ಎಂದರೆ ವಿಷದಕ್ಕನಿಗೆ ತಮ್ಮ, ಸೋಫಾ ಮತ್ತು ಮಂಚಗಳ ಮಳಿಗೆ ಇಟ್ಟುಕೊಂಡು ಚೆನ್ನಾಗಿ ಬೆಳೆದಿದ್ದ. ಅವನು ಊರಿನಲ್ಲಿ ಒಳ್ಳೆಯದೆಂದು ಹೆಸರಾದ ವೃದ್ಧರ ಆರೈಕೆ ಮನೆಗೆ ತಾಯಿಯನ್ನು ಸೇರಿಸಿದ. ವಿಷದಕ್ಕ ಬೇಡವೆನ್ನಲಿಲ್ಲ. ಬೇಡವೆಂದರೆ ತಾನು ಇಟ್ಟುಕೊಳ್ಳಬೇಕಿತ್ತು.

ಆ ಮನೆಯನ್ನು ಮೊದಲ ಸಲ ನೋಡಿದಾಗ ಅವಳಿಗೆ ಸಂತೋಷವೇ ಆಯಿತು. ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಹಾಸಿಗೆಯ ಬಟ್ಟೆಗಳಿಗೆ ಇಸ್ತ್ರಿ ಹಾಕಿದ್ದರು. ಮೂತ್ರದ ವಾಸನೆಯಿಲ್ಲ, ಕಫದ ವಾಸನೆಯಿಲ್ಲ. ಎಲ್ಲ ಕಡೆ ನಿಂಬೆಯ ಪರಿಮಳ. ಉಸ್ತುವಾರಿ ಹೆಂಗಸನ್ನು ಅಲ್ಲಿ ಎಲ್ಲರೂ ದೊಡ್ಡ ಸಿಸ್ಟರ್ ಎನ್ನುತ್ತಿದ್ದರು. ಮೆತ್ತಗೆ ಮಾತಾಡುವವಳು. ಯಾರ ಕೆನ್ನೆ ಕಂಡರೂ ಸವರುವವಳು.

ಹೋಗಿ ಬಂದು ಮಾಡುತ್ತಿದ್ದಂತೆ ಚಿಕ್ಕಮ್ಮನ ಮಾತು ಇಳಿಯುತ್ತ ಬಂತು. ಮೊದಲು ವಾಕ್ಯಗಳು ಮೊಟಕಾದವು, ಆಮೇಲೆ ಬರೀ ಹೂಂ. ವಯಸ್ಸು, ಕಾಯಿಲೆ, ಹೀಗೇ ಆಗುವುದು ಎಂದುಕೊಂಡಳು. ಒಂದು ಭಾನುವಾರ ಬೆಳಿಗ್ಗೆ ಹೋದಾಗ ಹಜಾರದಲ್ಲಿ ಮುದುಕ ಮುದುಕಿಯರನ್ನೆಲ್ಲ ಸಾಲಾಗಿ ಕುರ್ಚಿಗಳಲ್ಲಿ ಕೂರಿಸಿದ್ದರು. ಎಲ್ಲರ ಕುತ್ತಿಗೆಗೂ ಬಿಳಿ ಕರವಸ್ತ್ರ ಕಟ್ಟಿತ್ತು. ಎಲ್ಲರ ಬಾಯಿಯಿಂದಲೂ ಜೊಲ್ಲು ಇಳಿಯುತ್ತಿತ್ತು. ಕಿಟಕಿಯಿಂದ ಬಿಸಿಲು ಬಿದ್ದಿತ್ತು. ಆ ಹೊತ್ತಿನಲ್ಲಿ ಒಬ್ಬರೂ ಎಚ್ಚರವಾಗಿರಲಿಲ್ಲ.

ಅವರಲ್ಲಿ ಒಬ್ಬ ನಿವೃತ್ತ ಡ್ರೈವರ್ ಇದ್ದ. ಹಿಂದಿನ ಸಲ ಬಂದಾಗ ಅವನು ಹೊಸದಾಗಿ ಸೇರಿದ್ದ, ಬಾಗಿಲ ಹತ್ತಿರ ನಿಂತು ಬಂದವರಿಗೆಲ್ಲ ತನ್ನ ಲಾರಿಯ ಕಥೆ ಹೇಳುತ್ತಿದ್ದ. ಈಗ ಅವನ ಗಲ್ಲ ಎದೆಗೆ ತಾಗಿತ್ತು. ಕೈ ತೊಡೆಯ ಮೇಲೆ ಮರದ ಹಾಗೆ ಬಿಗಿದುಕೊಂಡು, ಹೆಬ್ಬೆರಳು ಮಾತ್ರ ತೋರುಬೆರಳಿಗೆ ಉಜ್ಜುತ್ತ ನಡುಗುತ್ತಿತ್ತು. ವಿಷದಕ್ಕ ಚಿಕ್ಕಮ್ಮನ ಕೈ ನೋಡಿದಳು. ಅದೇ ಬಿಗಿತ, ಅದೇ ನಡುಕ. ಬಾಯೊಳಗಿಂದ ನಾಲಿಗೆ ಹಾವಿನದರಂತೆ ಹೊರಗೆ ಬಂದು ಒಳಗೆ ಹೋಗುತ್ತಿತ್ತು, ತಾನಾಗಿ.

ಮರೆವಿನ ಕಾಯಿಲೆ ಒಬ್ಬೊಬ್ಬರನ್ನು ಒಂದೊಂದು ರೀತಿ ಕೆಡಿಸುತ್ತದೆ. ಇಲ್ಲಿ ಎಲ್ಲರೂ ಒಂದೇ ಅಚ್ಚಿನಲ್ಲಿ ಕೆಟ್ಟಿದ್ದರು. ಅವಳು ದೊಡ್ಡ ಸಿಸ್ಟರನ್ನು ಕರೆದಳು.

"ಯಾವ ಔಷಧಿ ಕೊಡ್ತಿದೀರಿ ಇವರಿಗೆ?" ಎಂದು ಕೇಳಿದಳು.

"ಬಿಪಿ ಮಾತ್ರೆ, ವಿಟಮಿನ್ನು, ಅಷ್ಟೇ ಮೇಡಂ," ಎಂದಳು ದೊಡ್ಡ ಸಿಸ್ಟರ್, ಚಿಕ್ಕಮ್ಮನ ಕೆನ್ನೆ ಸವರುತ್ತ. "ಎಷ್ಟ್ ಶಾಂತವಾಗಿದಾರೆ ನೋಡಿ. ಮಗು ಥರ."

ವಿಷದಕ್ಕ ಚಿಕ್ಕಮ್ಮನ ತಲೆ ಬಾಚುತ್ತೇನೆಂದು ಹೇಳಿ ಅವರನ್ನು ಕೋಣೆಗೆ ಕರೆದೊಯ್ದು ಬಾಗಿಲು ಮುಚ್ಚಿದಳು. ರಕ್ತ ಹೇಳುವುದು ನಿನ್ನೆ ಮೊನ್ನೆಯ ಮಾತು. ಕೂದಲಿಗೆ ನೆನಪು ಹೆಚ್ಚು. ರಕ್ತದಲ್ಲಿರುವ ಔಷಧಿ ಬೆಳೆಯುವ ಕೂದಲಿನೊಳಗೆ ಸಿಕ್ಕಿಕೊಳ್ಳುತ್ತದೆ, ಕೂದಲು ತಿಂಗಳಿಗೆ ಕಿರುಬೆರಳಿನ ಅಗಲದಷ್ಟು ಬೆಳೆಯುತ್ತದೆ, ಬುಡದಿಂದ ತುದಿಯ ಕಡೆ ಹೋದಂತೆ ಕಾಲ ಹಿಂದಕ್ಕೆ ಹೋಗುತ್ತದೆ. ಅವಳು ಹಿಂದಲೆಯಲ್ಲಿ ಪೆನ್ಸಿಲಿನ ದಪ್ಪದ ಒಂದು ಎಳೆ ಹಿಡಿದು ದಾರ ಕಟ್ಟಿ ಚರ್ಮಕ್ಕೆ ತಾಗಿಸಿ ಕತ್ತರಿಸಿದಳು. ಎಲ್ಲವನ್ನೂ ಒಪ್ಪ ಮಾಡಿಟ್ಟಿದ್ದ ಆ ಮನೆಯಲ್ಲಿ ತಲೆಗೂದಲನ್ನು ಮಾತ್ರ ಯಾರೂ ತೊಳೆದಿರಲಿಲ್ಲ. ಬುಡದಲ್ಲಿ ಜಿಡ್ಡು, ಹೊಟ್ಟು, ಹೇನಿನ ಮೊಟ್ಟೆ. ಒರೆಸಿದ ನೆಲ ನೆಂಟರಿಗೆ ಕಾಣುತ್ತದೆ, ತಲೆಯ ಬುಡ ಕಾಣುವುದಿಲ್ಲ. ಚಿಕ್ಕಮ್ಮ ಅಷ್ಟಕ್ಕೂ ಎಚ್ಚರಾಗಲಿಲ್ಲ. ಜೊಲ್ಲು ಅವಳ ಮಣಿಕಟ್ಟಿನ ಮೇಲೆ ಬಿತ್ತು.

ಪ್ರಯೋಗಾಲಯದಲ್ಲಿ ಆ ಎಳೆಯನ್ನು ತೊಳೆದು, ತುಂಡು ತುಂಡು ಮಾಡಿ, ಪುಡಿಗುಟ್ಟಿ, ಔಷಧಿಯನ್ನು ಹೊರತೆಗೆದು ಯಂತ್ರಕ್ಕೆ ಕೊಟ್ಟಳು. ಬುದ್ಧಿಭ್ರಮಣೆಯಾಗಿ ಕೆರಳಿದವರನ್ನು ಹತೋಟಿಗೆ ತರಲು ಕೊಡುವ ಔಷಧಿಯೊಂದಿದೆ. ಬುಡದ ತುಂಡುಗಳಲ್ಲೆಲ್ಲ ಅದಿತ್ತು. ತುದಿಯ ಕಡೆ ಹೋದಂತೆ, ಚಿಕ್ಕಮ್ಮ ಆ ಮನೆ ಸೇರುವುದಕ್ಕೆ ಮೊದಲು ಬೆಳೆದ ಕೂದಲಿನಲ್ಲಿ, ಇರಲಿಲ್ಲ.

ತಮ್ಮನ ಮಳಿಗೆಗೆ ಹೋದಳು. ಅವನು ಮಾರಾಟದ ಸೋಫಾ ಒಂದರ ಮೇಲೆ, ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯದೆ, ಡಬ್ಬಿ ತೆರೆದು ಊಟ ಮಾಡುತ್ತಿದ್ದ. ಅವಳು ನಿಂತೇ ಎಲ್ಲವನ್ನೂ ಹೇಳಿದಳು. ಅವನು ಅಗಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಕಣಕ್ಕ," ಎಂದ.

"ಏನ್ ಗೊತ್ತು?"

"ಅವರು ಫೋನ್ ಮಾಡಿ ಕೇಳಿದ್ರು. ನಿಮ್ಮಮ್ಮ ತುಂಬ ಗಲಾಟೆ ಮಾಡ್ತಾರೆ, ಬೇರೆಯವರಿಗೂ ತೊಂದ್ರೆ, ಸ್ವಲ್ಪ ತಣ್ಣಗಾಗೋ ಹಾಗೆ ಏನಾದ್ರೂ ಕೊಡ್ಲಾ ಅಂತ. ಕೊಡಿ ಅಂದೆ."

"ನಿನ್ನಮ್ಮ ಕಣೋ ಅವಳು."

"ಅದಕ್ಕೇ ಅಲ್ವಾ ಒಳ್ಳೇ ಜಾಗಕ್ಕೆ ಹಾಕಿರೋದು." ಅವನು ಹಲ್ಲಿನ ಸಂದಿಗೆ ಸಿಕ್ಕಿದ್ದನ್ನು ಉಗುರಿನಿಂದ ತೆಗೆದು ನೋಡಿ ಮತ್ತೆ ಬಾಯಿಗೆ ಹಾಕಿಕೊಂಡ. "ಈಗ ಜಗಳ ಇಲ್ಲ, ಅಳು ಇಲ್ಲ. ಆರಾಮಾಗಿದಾಳೆ. ನಾನೂ ಆರಾಮಾಗಿದೀನಿ. ನಿಂಗೆ ಅಷ್ಟೊಂದು ಸಂಕಟ ಆದ್ರೆ ನೀನೇ ಕರ್ಕೊಂಡ್ ಹೋಗು. ಬೇಡ ಅಂದವರು ಯಾರು?"

ಅವಳು ತಿರುಗಿ ನಡೆದಳು. ಹೊರಗೆ ಬಂದು ಪಕ್ಕದ ಗಲ್ಲಿಯ ಚರಂಡಿಗೆ ಬಗ್ಗಿದಳು. ಹಳದಿ ನೀರು ಬಿಟ್ಟು ಏನೂ ಬರಲಿಲ್ಲ. ಜಾಡಿಯ ಹೇಸಿಗೆ ಮೂಗಿನಲ್ಲಿ ಹುಟ್ಟುತ್ತಿತ್ತು, ಸೋಪು ಹಚ್ಚಿ ತೊಳೆದರೆ ಹೋಗುತ್ತಿತ್ತು. ಇದು ಎಲ್ಲಿ ಹುಟ್ಟಿದೆ ಎಂದು ತಿಳಿಯದೆ ಅವಳು ಆ ದಿನವೆಲ್ಲ ಕೈ ತೊಳೆದಳು.

ಪ್ರಯೋಗಾಲಯದ ಮುಖ್ಯಸ್ಥರಿಗೆ ವಿಷಯ ತಿಳಿಸಿದಾಗ ಅವರು ಕನ್ನಡಕ ತೆಗೆದಿಟ್ಟು ಸರಿಯಾಗಿ ಬೈದರು. "ಸರ್ಕಾರದ ಯಂತ್ರ ನಿಮ್ಮ ಮನೆ ಮಿಕ್ಸಿ ಅಲ್ಲಮ್ಮ. ನೀವೇ ಕತ್ತರಿಸಿ, ನೀವೇ ಪರೀಕ್ಷೆ ಮಾಡಿದ ಕೂದಲು ಕೋರ್ಟಿಗೆ ಕಸ. ಇಷ್ಟು ವರ್ಷ ಸಾಕ್ಷಿ ಹೇಳಿದವರಿಗೆ ಇದನ್ನ ನಾನು ಹೇಳ್ಬೇಕಾ?"

"ಬೇಕಿಲ್ಲ ಸರ್. ನೀವು ಆರೋಗ್ಯ ಇಲಾಖೆಯವರಿಗೆ ಹೇಳಿದ್ರೆ ಅವರೇ ಹೋಗಿ ಎಲ್ಲರ ರಕ್ತ ತೆಗೀತಾರೆ. ಅದು ಕಸ ಆಗಲ್ಲ. ಆ ಪರೀಕ್ಷೆ ಮಾತ್ರ ನನ್ ಮೇಜಿಗೆ ಬರೋದ್ ಬೇಡ."

ಅವರು ಕನ್ನಡಕ ಎತ್ತಿಕೊಂಡು ಒರೆಸತೊಡಗಿದರು. "ನಮ್ಮತ್ತೆ ಇರೋ ಕಡೆನೂ ಎಲ್ಲರೂ ತುಂಬ ಶಾಂತವಾಗಿದಾರೆ," ಎಂದರು ತಲೆಯೆತ್ತದೆ. ಆಮೇಲೆ ಫೋನಿಗೆ ಕೈ ಹಾಕಿದರು.

ಇಲಾಖೆಯವರು ಹೇಳದೆ ಕೇಳದೆ ಹೋಗಿ ರಕ್ತ ತೆಗೆದರು. ಹೆಚ್ಚು ಕಡಿಮೆ ಎಲ್ಲರ ರಕ್ತದಲ್ಲೂ ಅದೇ ಔಷಧಿ. ಬೆಳಗಿನ ಹಾಲಿನಲ್ಲಿ ಬೆರೆಸುತ್ತಿದ್ದರು. ವಾರಕ್ಕೊಮ್ಮೆ ಬರುತ್ತಿದ್ದ ಡಾಕ್ಟರೊಬ್ಬ ಯಾರನ್ನೂ ಮುಟ್ಟಿ ನೋಡದೆ ಔಷಧಿ ಬರೆದುಕೊಡುತ್ತಿದ್ದ. ದೊಡ್ಡ ಸಿಸ್ಟರ್ ಒಂದನ್ನೂ ಅಲ್ಲಗಳೆಯಲಿಲ್ಲ. "ಮನೆಯವರನ್ನ ಕೇಳದೆ ಯಾರಿಗೂ ಕೊಟ್ಟಿಲ್ಲ," ಎಂದಳು, ಅದೇ ಮೆತ್ತನೆಯ ದನಿಯಲ್ಲಿ.

ವಿಚಾರಣೆಗೆ ಮನೆಯವರನ್ನೆಲ್ಲ ಅದೇ ಹಜಾರಕ್ಕೆ ಕರೆಸಿದ್ದರು. ವಿಷದಕ್ಕನೂ ಹೋದಳು. ಕೂಗಾಟವಾಗುತ್ತದೆ, ಯಾರಾದರೂ ದೊಡ್ಡ ಸಿಸ್ಟರಿನ ಮೇಲೆ ಕೈ ಮಾಡಿಯಾರು ಎಂದುಕೊಂಡಿದ್ದಳು. ಕೂಗಾಟವೇನೋ ಆಯಿತು, ಆದರೆ ವಿಷದಕ್ಕನ ಮೇಲೆ. ದೂರು ಕೊಟ್ಟವಳು ಇವಳೇ ಎಂದು ತಮ್ಮನೇ ಎಲ್ಲರಿಗೂ ಹೇಳಿಬಿಟ್ಟಿದ್ದ.

"ಔಷಧಿ ಕಮ್ಮಿ ಮಾಡಿದಾಗಿನಿಂದ ನಮ್ಮಪ್ಪ ಹಗಲೂ ರಾತ್ರಿ ಕಿರುಚ್ತಾರಂತೆ. ನೀವು ಬಂದು ಸಮಾಧಾನ ಮಾಡ್ತೀರಾ?" ಎಂದ ಡ್ರೈವರನ ಮಗ.

"ನಮ್ಮತ್ತೆ ಮೈಮೇಲಿನ ಬಟ್ಟೆ ಕಿತ್ತೆಸೀತಾರೆ. ನಿಮಗೇನ್ ಗೊತ್ತು ಅದರ ಕಷ್ಟ," ಎಂದಳೊಬ್ಬ ಹೆಂಗಸು.

"ಹೆಣ ಕೊಯ್ಯೋರಿಗೆ ಬದುಕಿರೋರ ಸುದ್ದಿ ಯಾಕೆ?" ಎಂದರು ಹಿಂದಿನಿಂದ ಯಾರೋ. ಕೆಲವರು ನಕ್ಕರು.

ಅವಳು ಆ ಮುಖಗಳನ್ನು ಒಂದೊಂದಾಗಿ ನೋಡಿದಳು. ಇಸ್ತ್ರಿ ಮಾಡಿದ ಅಂಗಿಗಳು, ಸುಗಂಧ ಪೂಸಿಕೊಂಡ ಕುತ್ತಿಗೆಗಳು. ಕಷ್ಟ ಸುಳ್ಳಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೆ ಅಷ್ಟು ಜನರಲ್ಲಿ ಒಬ್ಬರೂ, ಈಗ ಅವರು ಹೇಗಿದ್ದಾರೆ, ನೋಡಬಹುದೇ ಎಂದು ಕೇಳಲಿಲ್ಲ. ಗೋಡೆಯಾಚೆ ಯಾರೋ ಮುದುಕ ಒಂದೇ ಸಮನೆ ನೀರು ಕೇಳುತ್ತಿದ್ದ. ಹಜಾರದಲ್ಲಿದ್ದವರು ದನಿ ಏರಿಸಿಕೊಂಡು ಮಾತು ಮುಂದುವರಿಸಿದರು. ಅವಳು ಎದ್ದುಹೋಗಿ ನೀರು ಕುಡಿಸಿ, ಚಿಕ್ಕಮ್ಮನ ಕೋಣೆಗೆ ಹೋಗಿ ಬಟ್ಟೆಗಳನ್ನು ಚೀಲಕ್ಕೆ ತುಂಬಿ, ಗಂಡನಿಗೆ ಫೋನ್ ಮಾಡಿದಳು.

"ರೀ, ಚಿಕ್ಕಮ್ಮನ್ನ ಕರ್ಕೊಂಡ್ ಬರ್ತಿದೀನಿ."

"ಊಟಕ್ಕಾ?"

"ಇರೋದಕ್ಕೆ."

"ಒಳಗಿನ ಕೋಣೆ ಖಾಲಿ ಮಾಡ್ತೀನಿ," ಎಂದ ಅವನು.

ಅಂಥ ಔಷಧಿಯನ್ನು ಒಮ್ಮೆಲೇ ನಿಲ್ಲಿಸುವಂತಿಲ್ಲ. ಆಸ್ಪತ್ರೆಯ ಡಾಕ್ಟರು ಹೇಳಿದಂತೆ ಸ್ವಲ್ಪ ಸ್ವಲ್ಪವೇ ಇಳಿಸಬೇಕಾಯಿತು. ಚಿಕ್ಕಮ್ಮ ನಡುಗಿದರು, ಬೆವತರು, ಗೋಡೆಗೆ ತಲೆ ಚಚ್ಚಿಕೊಂಡರು. ಹಾಸಿಗೆಯಲ್ಲೇ ಎಲ್ಲವೂ ಆಗುತ್ತಿತ್ತು. ವಿಷದಕ್ಕ ಬೆಳಿಗ್ಗೆ ಮನೆಯಲ್ಲಿ ಬಾಯಿಯಿಂದ ಉಸಿರಾಡಿ ಚಾದರ ತೊಳೆದು, ಆಮೇಲೆ ಪ್ರಯೋಗಾಲಯಕ್ಕೆ ಹೋಗಿ ಬಾಯಿಯಿಂದ ಉಸಿರಾಡಿ ಜಾಡಿ ತೆರೆಯುತ್ತಿದ್ದಳು. ಪ್ರೀತಿಯಿದ್ದರೆ ಹೇಸಿಗೆ ಆಗುವುದಿಲ್ಲ ಎಂದು ಹೇಳಿದವರು ಮಲ ಬಳಿದ ಗೋಡೆಯನ್ನು ಒರೆಸಿರಲಿಕ್ಕಿಲ್ಲ. ಅವಳಿಗೆ ದಿನವೂ ಹೇಸಿಗೆಯಾಯಿತು. ಎರಡು ಸಲ ಕೈ ಎತ್ತುವಷ್ಟು ಸಿಟ್ಟೂ ಬಂತು. ಎತ್ತಿದ ಕೈಯನ್ನು ಬಕೆಟ್ಟಿನ ನೀರಿಗೆ ಅದ್ದಿದಳು.

ಹಾಗಿರುವಾಗ ಒಂದು ಬೆಳಿಗ್ಗೆ, ತಿಂಡಿ ತಿನ್ನಿಸಲು ಹೋದವಳನ್ನು ಚಿಕ್ಕಮ್ಮ ಕಣ್ಣಿಟ್ಟು ನೋಡಿ, "ಬಾಲ್ಕನಿ ಹೌಸ್‌ಫುಲ್. ಮುಂದಿನ ಆಟಕ್ಕೆ ಬಾ," ಎಂದರು.

ಗಂಡ ಬಾಗಿಲಲ್ಲಿ ನಿಂತು ಬಿದ್ದು ಬಿದ್ದು ನಕ್ಕ. ಅಲ್ಲಿಂದ ಮಾತಿನ ಕಟ್ಟೆ ಒಡೆಯಿತು. ಬೈಗುಳ, ನಗು, ಯಾವತ್ತೋ ಸತ್ತ ನೆರೆಯವರ ಸುದ್ದಿ, ಮತ್ತೆ ಬೈಗುಳ. ಅವಳು ಯಾರೆಂಬುದು ಕೆಲವು ದಿನ ಗೊತ್ತಿರುತ್ತಿತ್ತು, ಕೆಲವು ದಿನ ಇಲ್ಲ. ಕೈಯ ಬಿಗಿತ ಸಡಿಲಿತು. ನಾಲಿಗೆ ಮಾತ್ರ ಸರಿಹೋಗಲಿಲ್ಲ. ಆ ಔಷಧಿ ಕೆಲವರಲ್ಲಿ ಹಾಗೆ ಮಾಡುತ್ತದೆ, ಬಿಟ್ಟ ಮೇಲೂ ಗುರುತು ಉಳಿಯುತ್ತದೆ. ಊಟದ ನಡುವೆ ಅಗಿದದ್ದರ ಸಮೇತ ನಾಲಿಗೆ ಹೊರಗೆ ಬರುತ್ತಿತ್ತು. ವಿಷದಕ್ಕ ತನಗೆ ಗೊತ್ತಿಲ್ಲದೆಯೇ ಮುಖ ತಿರುಗಿಸುತ್ತಿದ್ದಳು.

"ನನ್ ಮುಖ ನೋಡಿದ್ರೆ ನಿಂಗೆ ಅಸಹ್ಯ, ಅಲ್ವೇನೇ?" ಎಂದು ಚಿಕ್ಕಮ್ಮ ಒಂದು ದಿನ ಕೇಳಿಯೇಬಿಟ್ಟರು.

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹೂಂ ಚಿಕ್ಕಮ್ಮ. ನೋಡೋಕಾಗಲ್ಲ."

"ನೋಡ್ಬೇಡ. ಆ ಕಡೆ ತಿರುಗಿ ಕೂತ್ಕೋ. ಆದ್ರೆ ಕೂತ್ಕೋ." ಬಾಯಿ ಒರೆಸಿಕೊಂಡು ಮತ್ತೆ ಹೇಳಿದರು, "ನಿನ್ ಮೈಯಿಂದ ಏನೋ ಸತ್ತ ವಾಸನೆ ಬರುತ್ತೆ. ನಾನೇನಾದ್ರೂ ಅಂದ್ನಾ?"

ಅಂದಿನಿಂದ ಅವಳು ಊಟದ ಮೇಜಿನ ಹತ್ತಿರ ಕಿಟಕಿಯ ಕಡೆ ಮುಖ ಮಾಡಿ ಕೂತು, ಕೈಯನ್ನು ಮಾತ್ರ ಹಿಂದಕ್ಕೆ ಚಾಚಿ ತುತ್ತು ಕೊಡುತ್ತಿದ್ದಳು. ಇಬ್ಬರಿಗೂ ಅದು ಒಗ್ಗಿತು.

ಆ ಆರೈಕೆ ಮನೆಗೆ ದಂಡ ಬಿತ್ತು. ಡಾಕ್ಟರನಿಗೆ ಎಚ್ಚರಿಕೆ ಕೊಟ್ಟರು. ದೊಡ್ಡ ಸಿಸ್ಟರ್ ಕೆಲಸ ಬಿಟ್ಟಳು. ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಕಟ್ಟಡ ಬೇರೆ ಬಣ್ಣ ಬಳಿದುಕೊಂಡು ಬೇರೆ ಹೆಸರಿನಲ್ಲಿ ತೆರೆಯಿತು, ಜಾಗ ಸಿಗದೆ ಜನ ಕಾಯತೊಡಗಿದರು. ಪ್ರಯೋಗಾಲಯಕ್ಕೆ ಈಗ ಜಾಡಿಗಳ ಜೊತೆ ಇಂಥ ಮನೆಗಳಿಂದ ರಕ್ತದ ಸೀಸೆಗಳೂ ಬರತೊಡಗಿವೆ. ಮೊದಲು ಬಂದದ್ದು ಮುಖ್ಯಸ್ಥರ ಅತ್ತೆ ಇದ್ದ ಮನೆಯದು.

ತಮ್ಮ ಒಂದೇ ಸಲ ಬಂದ. ಸೇಬಿನ ಚೀಲ ಹಿಡಿದು ಒಳಗಿನ ಕೋಣೆಯ ಹೊಸ್ತಿಲಲ್ಲೇ ನಿಂತು, ಮಲಗಿದ್ದ ತಾಯಿಯನ್ನು ನೋಡಿ, "ಮೈ ತುಂಬಿಕೊಂಡಿದಾಳೆ ಅಲ್ವಾ," ಎಂದ. ವಿಷದಕ್ಕ ನೀರು ಕೊಟ್ಟಳು. ಅವನು ಲೋಟ ಕಚ್ಚಿ ಕುಡಿದ.

"ಈಗ ಗಲಾಟೆ ಮಾಡ್ತಾಳಾ?"

"ಮಾಡ್ತಾಳೆ."

"ಹೇಗ್ ಸಹಿಸ್ಕೋತೀಯೋ ನಾ ಕಾಣೆ. ನಂಗೆ ಆ ವಾಸನೆನೇ ಆಗಲ್ಲಪ್ಪ." ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಅವನು ಮೆಟ್ಟಿಲಿಳಿದ.

ಅವಳು ಲೋಟವನ್ನು ಸೋಪು ಹಚ್ಚಿ ತೊಳೆದಳು. ಬಿಸಿನೀರು ಕಾಯಿಸಿ ಇನ್ನೊಮ್ಮೆ ತೊಳೆದಳು. ಬೆಳಕಿಗೆ ಹಿಡಿದು ನೋಡಿದಳು. ಲೋಟದಲ್ಲಿ ಏನೂ ಇರಲಿಲ್ಲ. ಆದರೂ ಅದನ್ನು ಉಳಿದ ಲೋಟಗಳ ಜೊತೆ ಇಡಲು ಮನಸ್ಸು ಬರಲಿಲ್ಲ. ಹಳೇ ಪೇಪರಿನಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿ, ಸೇಬು ಹೆಚ್ಚಲು ಚಾಕು ತೆಗೆದುಕೊಂಡಳು. ಒಳಗಿನಿಂದ ಚಿಕ್ಕಮ್ಮ ಆಗಲೇ ಕೂಗತೊಡಗಿದ್ದರು.